14 ಬಳ್ಳಿಯಲ್ಲಿ 5 ಕಹಿ: ಅಥಣಿ ಕಡೆಯ ಒಂದು ಸೋರೆಕಾಯಿ ಪ್ರಕರಣ

ಅಥಣಿ ತಾಲೂಕಿನ ಕೃಷ್ಣಾ ದಂಡೆಯ ಒಂದು ಹಳ್ಳಿಯಲ್ಲಿ ನಡೆದದ್ದು ಇದು. ಊರಿನ ಹೆಸರು, ಮನೆಯವರ ಹೆಸರು ಬರೆಯುವುದಿಲ್ಲ. ಒಂದೆರಡು ಗುರುತು ಬದಲಿಸಿದ್ದೇನೆ. ಮನೆಯವರಿಗೆ ಓದಿ ಹೇಳಿದಾಗ, "ಬರೀರಿ ಅಕ್ಕಾರ, ಮತ್ತೊಬ್ಬರ ಮನ್ಯಾಗ ಹಿಂಗ ಆಗಬಾರ್ದು" ಅಂದರು. ನಾನು ಈ ಭಾಗದಲ್ಲಿ ಮನೆಬೀಜ ಉಳಿಸುವ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವವಳು.

ಹಿನ್ನೆಲೆ

ಮನೆಗೆ ನಾಲ್ಕು ಎಕರೆ ಹೊಲ. ಹೆಚ್ಚಿನದು ಕಬ್ಬು. ಬಾವಿ ಪಕ್ಕದ ಎಂಟು ಗುಂಟೆ ಮಾತ್ರ ಅತ್ತೆ-ಸೊಸೆಯದು. ಅಲ್ಲಿ ಬದನೆ, ಮೆಣಸಿನಕಾಯಿ, ಹೀರೇಕಾಯಿ, ಸೋರೆಕಾಯಿ. ಸೋರೆಗೆ ಹಾಲಗುಂಬಳ ಅನ್ನುವವರೂ ಇದ್ದಾರೆ, ಮರಾಠಿ ಮಾತಾಡುವ ಮನೆಗಳಲ್ಲಿ ಅದು ದೂಧಿ. ವಾರದ ಸಂತೆಗೆ ಎರಡು ಬುಟ್ಟಿ ಹೋಗುತ್ತದೆ. ಆ ದುಡ್ಡು ಸೊಸೆಯ ಕೈಗೆ.

ಸೋರೆಯ ಬೀಜ ಅತ್ತೆಯ ತವರಿನದು. ಪ್ರತಿ ವರ್ಷ ಒಂದು ಚೆಂದದ ಕಾಯಿಯನ್ನು ಬಳ್ಳಿಯಲ್ಲೇ ಬಲಿಯಲು ಬಿಡುತ್ತಾರೆ. ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗಿದ ಮೇಲೆ ಒಡೆದು, ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ ಗಡಿಗೆಯಲ್ಲಿ ಇಡುತ್ತಾರೆ. ಮೂವತ್ತು ವರ್ಷದಲ್ಲಿ ಒಂದು ಕಾಯಿಯೂ ಕಹಿ ಬಂದಿರಲಿಲ್ಲ.

ಆ ರಾತ್ರಿ

ಆಗಸ್ಟ್ ಕೊನೆಯ ವಾರ. ಸೊಸೆ ಕಾಯಿ ಹೆಚ್ಚಿ, ಕಡ್ಲಿಬ್ಯಾಳಿ ಹಾಕಿ ಪಲ್ಯ ಮಾಡಿದ್ದಳು. ಉಪ್ಪು ನೋಡಲು ಒಂದು ಹೋಳು ಬಾಯಿಗೆ ಹಾಕಿಕೊಂಡವಳು ತಕ್ಷಣ ಉಗುಳಿದಳು. "ಅತ್ತೀ, ಭಾಳ ಕಹಿ ಐತ್ರಿ ಇದು."

"ಹಂಗ ಚೆಲ್ಲಬ್ಯಾಡವಾ. ಸ್ವಲ್ಪ ಬೆಲ್ಲ, ಹುಣಸಿಹುಳಿ ಹಾಕು. ಹೋಗ್ತೈತಿ."

ಅನ್ನ ಚೆಲ್ಲಬಾರದು ಅಂತ ಬದುಕಿದ ಹಿರಿಯರ ಮಾತು ಅದು. ಹಾಗಲಕಾಯಿಗೆ ಹುಳಿ-ಬೆಲ್ಲ ಹಾಕಿ ಉಣ್ಣುವ ನಾಡಿನಲ್ಲಿ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಬೆಲ್ಲ ಬಿತ್ತು. ಅತ್ತೆ ಉಂಡರು, ಮಗನೂ ಎರಡು ರೊಟ್ಟಿ ತಿಂದ. ಸೊಸೆಗೆ ಮನಸ್ಸು ಒಪ್ಪಲಿಲ್ಲ. ಮಕ್ಕಳಿಗೆ ಮೊಸರು, ಶೇಂಗಾ ಹಿಂಡಿ ಹಾಕಿಕೊಟ್ಟಳು. ಈ ಪ್ರಕರಣದ ಮೊದಲ ಸರಿಯಾದ ತೀರ್ಮಾನ ಅವಳದು. ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

ಒಂದು ತಾಸಿನೊಳಗೆ ಅತ್ತೆಗೆ ಹೊಟ್ಟೆ ನುಲಿತ ಶುರುವಾಯ್ತು. ಆಮೇಲೆ ವಾಂತಿ, ಭೇದಿ. ಮಗನಿಗೂ ಅದೇ. ರಾತ್ರಿಯೇ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋದರು. ಸಲೈನ್ ಹಚ್ಚಿದರು. ಅತ್ತೆಯ ಬಿಪಿ ಕೆಳಗೆ ಇಳಿದಿತ್ತು. ಎರಡು ದಿನ ಇಟ್ಟುಕೊಂಡು ಕಳಿಸಿದರು. ಸೊಸೆ ಒಂದು ಹೋಳು ಕಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿದ್ದಳು. ಅದು ತುಂಬ ಕೆಲಸಕ್ಕೆ ಬಂತು. ಡಾಕ್ಟರಿಗೆ ಏನು ತಿಂದರು ಅಂತ ಹುಡುಕುವ ಪ್ರಸಂಗ ಬರಲಿಲ್ಲ.

ಸೌತೆ, ಸೋರೆ, ಕಲ್ಲಂಗಡಿ, ಕುಂಬಳ ಎಲ್ಲ ಒಂದೇ ಕುಟುಂಬದ ಬಳ್ಳಿಗಳು. ಈ ಕುಟುಂಬದ ಕಹಿಗೆ ಕಾರಣವಾದ ವಸ್ತುವಿನ ಹೆಸರು ಕುಕುರ್ಬಿಟಾಸಿನ್. ಕುದಿಸಿದರೆ ಇದು ಹೋಗುವುದಿಲ್ಲ. ಬೆಲ್ಲ ಹಾಕಿದರೆ ನಾಲಿಗೆಗೆ ಕಡಿಮೆ ಅನ್ನಿಸುತ್ತದೆ ಅಷ್ಟೇ, ಹೊಟ್ಟೆಗೆ ಅಷ್ಟೇ ಹೋಗುತ್ತದೆ. ಇದಕ್ಕೆ ಪ್ರತಿಮದ್ದು ಇಲ್ಲ. ನೀರು, ಲವಣ, ಬಿಪಿ ನೋಡಿಕೊಳ್ಳುವುದೇ ಚಿಕಿತ್ಸೆ. ಕಹಿ ಸೋರೆಯ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2011ರಲ್ಲಿ ತಜ್ಞರ ಸಮಿತಿ ಮಾಡಿತ್ತು. ಮೊದಲು ಒಂದು ಸಣ್ಣ ಹೋಳು ರುಚಿ ನೋಡಿ, ಕಹಿ ಇದ್ದರೆ ಪೂರ್ತಿ ಚೆಲ್ಲಿ ಅನ್ನುವುದೇ ಸಮಿತಿಯ ಸಲಹೆ. 2015ರಲ್ಲಿ ಜರ್ಮನಿಯಲ್ಲಿ ಮನೆ ತೋಟದ ಕಹಿ ಕಾಯಿಯ ಪಲ್ಯ ಉಂಡು 79 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದೂ ಕುಂಬಳದ ಜಾತಿಯ ಕಾಯಿಯೇ.

ಎರಡು ಬುಟ್ಟಿ

ಆಸ್ಪತ್ರೆಯಿಂದ ಬಂದ ಮರುದಿನ ಸಂತೆ. ಬಳ್ಳಿಯಲ್ಲಿ ಎರಡು ಬುಟ್ಟಿ ಕಾಯಿ ಇತ್ತು. ಎಲ್ಲಾ ಕಾಯಿ ಕಹಿ ಇರಲಿಕ್ಕಿಲ್ಲ, ನೋಡಲು ಚೆನ್ನಾಗಿವೆ, ಆಸ್ಪತ್ರೆ ಖರ್ಚು ಬೇರೆ ಆಗಿದೆ ಅನ್ನುವುದು ಮಗನ ಯೋಚನೆ. ಅತ್ತೆ ಹಾಸಿಗೆಯಿಂದಲೇ ಬೇಡ ಅಂದರು. "ಯಾರದೋ ಮನೀ ಕೂಸು ತಿಂದಾತು." ಕಾಯಿ ಎಲ್ಲ ತಿಪ್ಪೆಗೆ ಹೋದವು. ದನಕ್ಕೂ ಹಾಕಲಿಲ್ಲ. ಈ ತಿಪ್ಪೆಯ ಮಾತು ಮುಂದೆ ಬರುತ್ತದೆ.

ಮೊದಲು ಮಾಡಿದ್ದು, ಕೆಲಸಕ್ಕೆ ಬಾರದ್ದು

ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಗೊಬ್ಬರ ಜಾಸ್ತಿ ಆಗಿದೆ. ಬಾವಿ ನೀರು ಸವಳಾಗಿದೆ. ಹಾವು ಹರಿದಾಡಿದೆ. ಹೆಚ್ಚು ಜನ ಒಪ್ಪಿದ್ದು ಮಾತ್ರ ಒಂದನ್ನೇ: ಪಕ್ಕದಲ್ಲೇ ಹಾಗಲ ಬಳ್ಳಿ ಇದೆ, ಅದರ ಕಹಿ ಇದಕ್ಕೆ ಹತ್ತಿದೆ. ಮಗ ಆ ಹಾಗಲ ಬಳ್ಳಿಯನ್ನು ಬೇರು ಸಮೇತ ಕಿತ್ತ.

ನಾನು ಹೋದದ್ದು ಅದರ ನಂತರ. ನಾನೂ ತಪ್ಪು ಹೇಳಿದೆ. ಜುಲೈನಲ್ಲಿ ಮಳೆ ಕೈಕೊಟ್ಟಿತ್ತು. ಸೌತೆಯಲ್ಲಿ ಗಿಡಕ್ಕೆ ಚಳಿಯೋ ನೀರಿನ ಕೊರತೆಯೋ ಆದರೆ ಕಾಯಿ ಕಹಿಯಾಗುವುದುಂಟು. ಅದನ್ನೇ ಇಲ್ಲಿಗೂ ಹಚ್ಚಿ, ಹತ್ತು ದಿನ ತಪ್ಪದೆ ನೀರು ಕೊಡಿ, ಹೊಸ ಕಾಯಿ ನೋಡೋಣ ಅಂದೆ. ರುಚಿ ನೋಡದೆ ಯಾರೂ ತಿನ್ನಬೇಡಿ ಅಂತಲೂ ಹೇಳಿದ್ದೆ. ಆ ಎರಡನೆಯ ಮಾತು ಹೇಳದೇ ಹೋಗಿದ್ದರೆ ಇನ್ನೊಬ್ಬರು ಆಸ್ಪತ್ರೆ ಸೇರುತ್ತಿದ್ದರು. ಯಾಕೆಂದರೆ ಹತ್ತು ದಿನ ನೀರು ಕೊಟ್ಟ ಮೇಲೂ ಹೊಸ ಕಾಯಿಗಳಲ್ಲಿ ಕಹಿ ಹಾಗೇ ಇತ್ತು.

ಕೆಂಪು ಚಿಂದಿ, ಬಿಳಿ ಚಿಂದಿ

ದಾರಿ ತೋರಿಸಿದ್ದು ಸೊಸೆ. "ಅಕ್ಕಾರ, ಎಲ್ಲಾ ಕಾಯಿ ಕಹಿ ಇಲ್ರಿ. ಮೂಲಿ ಬಳ್ಳೀದು ಚಲೋ ಐತಿ ಅನಸ್ತೈತಿ." ಅನಿಸಿಕೆ ಬೇಡ, ಬಳ್ಳಿ ಬಳ್ಳಿಯನ್ನೂ ನೋಡಿಬಿಡೋಣ ಅಂತ ಕೂತೆವು.

14 ಬಳ್ಳಿ. ಪ್ರತಿ ಬಳ್ಳಿಯಿಂದ ಎರಡು ಎಳೆ ಕಾಯಿ. ತೊಟ್ಟಿನ ಕಡೆಯಿಂದ ಉಗುರಿನಷ್ಟು ಚೂರು ಕೊಯ್ದು ನಾಲಿಗೆಯ ತುದಿಗೆ ಮುಟ್ಟಿಸುವುದು, ಉಗುಳುವುದು, ಬಾಯಿ ಮುಕ್ಕಳಿಸುವುದು. ನುಂಗುವ ಮಾತೇ ಇಲ್ಲ. ಕಹಿ ಇದ್ದರೆ ಬಳ್ಳಿಗೆ ಕೆಂಪು ಚಿಂದಿ, ಇಲ್ಲದಿದ್ದರೆ ಬಿಳಿ. ಮೂರನೆಯ ಬಳ್ಳಿಯದು ನನ್ನ ನಾಲಿಗೆಗೆ ತಾಗಿದಾಗ ನಾನು ಬೆಚ್ಚಿದೆ. ಬೇವಿನ ಕಹಿ ನಿಧಾನಕ್ಕೆ ಏರುತ್ತದೆ. ಇದು ಹಾಗಲ್ಲ, ಮುಟ್ಟಿದ ಕೂಡಲೇ ಗಂಟಲಿನವರೆಗೆ ಹಿಡಿಯಿತು. ಮೂರು ಸಲ ನೀರು ಹಾಕಿ ಮುಕ್ಕಳಿಸಿದರೂ ಅರ್ಧ ತಾಸು ಬಾಯಲ್ಲೇ ಇತ್ತು. ಎರಡು ರೊಟ್ಟಿಗೆ ಆಗುವಷ್ಟು ಇದನ್ನು ಉಂಡವರ ಹೊಟ್ಟೆ ಏನಾಗಿರಬೇಕು ಅಂತ ಆಗ ಅರ್ಥವಾಯ್ತು.

ಕೊನೆಗೆ 5 ಕೆಂಪು, 9 ಬಿಳಿ. ಕೆಂಪು ಬಳ್ಳಿಯ ಎರಡೂ ಕಾಯಿ ಕಹಿ. ಬಿಳಿಯ ಎರಡೂ ಸಿಹಿ. ಒಂದೇ ಬಳ್ಳಿಯಲ್ಲಿ ಒಂದು ಕಹಿ ಒಂದು ಸಿಹಿ ಅನ್ನುವುದು ಎಲ್ಲೂ ಇಲ್ಲ. ಮಣ್ಣು ಒಂದೇ, ನೀರು ಒಂದೇ, ಗೊಬ್ಬರ ಒಂದೇ. ಕೆಂಪು ಬಳ್ಳಿಯ ಪಕ್ಕದಲ್ಲೇ ಬಿಳಿ ಬಳ್ಳಿ. ಹಾಗಿದ್ದರೆ ಕಹಿ ನೀರಿನಿಂದಾಗಲಿ ಮಣ್ಣಿನಿಂದಾಗಲಿ ಬಂದದ್ದಲ್ಲ. ಬಳ್ಳಿ ಹುಟ್ಟುವಾಗಲೇ ತಂದುಕೊಂಡದ್ದು.

ಆಮೇಲೆ ಕಾಯಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಬಿಳಿಯವು ತೋಳಿನ ಹಾಗೆ ಉದ್ದಕ್ಕೆ, ಒಂದೇ ದಪ್ಪ. ಕೆಂಪಿನವು ತುಸು ಗಿಡ್ಡ, ಕೆಳಗೆ ಹೊಟ್ಟೆ ಬಂದಿತ್ತು. ಅತ್ತೆ ಗೋಡೆಗೆ ಒರಗಿ ನೋಡುತ್ತ ಕೂತಿದ್ದವರು, "ಇದೇನವಾ, ತಂಬೂರಿ ಬುರುಡಿ ಕಂಡಂಗ ಕಾಣತೈತಿ" ಅಂದರು.

ಬೇಲಿಯ ಬಳ್ಳಿ

ಎರಡು ಹೊಲ ಆಚೆ, ಸುಮಾರು 200 ಮೀಟರ್ ದೂರದ ಬೇಲಿಯ ಮೇಲೆ ಒಬ್ಬ ಹಿರಿಯರ ಬಳ್ಳಿ ಇದೆ. ಅವರು ತತ್ವಪದ ಹಾಡುವವರು. ಏಕತಾರಿಗೆ ಬೇಕಾದ ಬುರುಡೆಯನ್ನು ತಾವೇ ಬೆಳೆದುಕೊಳ್ಳುತ್ತಾರೆ. ಬೀಜ ಮಿರಜ ಕಡೆಯಿಂದ ಬಂದದ್ದು. ಮಿರಜ ತಂಬೂರಿ, ಸಿತಾರಿಗೆ ಎಷ್ಟು ಹೆಸರಾದ ಊರು ಅಂತ ಈ ಭಾಗದವರಿಗೆ ಹೇಳಬೇಕಿಲ್ಲ. ಅಲ್ಲಿನ ಈ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ದಪ್ಪ ಸಿಪ್ಪೆಯ, ದೊಡ್ಡ ಹೊಟ್ಟೆಯ ಆ ಬುರುಡೆ ಬೇರೆ ಗಿಡವೇನಲ್ಲ. ನಾವು ಪಲ್ಯ ಮಾಡುವ ಸೋರೆಯ ಖಾಸಾ ದಾಯಾದಿ. ಅವರ ಬಳ್ಳಿಯ ಕಾಯಿ ಕಡು ಕಹಿ.

ಮೊದಲೆಲ್ಲ ಆ ಬಳ್ಳಿ ಊರಿನ ಆ ಕಡೆ, ಅವರ ಮನೆಯ ಹಿತ್ತಲಲ್ಲಿ ಇತ್ತು. ಹೋದ ವರ್ಷ ಹಿತ್ತಲಲ್ಲಿ ಕೋಣೆ ಕಟ್ಟಿಸಿದ್ದರಿಂದ ಹೊಲದ ಬೇಲಿಗೆ ಬಂತು. ಮೂವತ್ತು ವರ್ಷ ಆಗದ್ದು ಈಗ ಯಾಕೆ ಆಯ್ತು ಅನ್ನುವುದಕ್ಕೆ ಇಷ್ಟೇ ಉತ್ತರ.

ಆದರೆ ಅತ್ತೆ ಒಪ್ಪಲಿಲ್ಲ. "ಬೀಜಕ್ಕ ಬಿಟ್ಟ ಕಾಯಿ ಜೋಡಿ ಹುಟ್ಟಿದ್ದನ್ನ ಹೋದ ವರ್ಷ ತಿಂದೇವಲ್ಲ, ಸಿಹಿ ಇತ್ತು. ಸಿಹಿ ಕಾಯಿ ಬೀಜ ಕಹಿ ಹ್ಯಾಂಗ ಆದೀತು?" ಇದು ಬಹಳ ಒಳ್ಳೆಯ ಪ್ರಶ್ನೆ. ಇಡೀ ಪ್ರಕರಣದ ಗಂಟು ಇದರಲ್ಲೇ ಇದೆ.

ಕಾಯಿಯ ತಿರುಳು ತಾಯಿ ಬಳ್ಳಿಯ ಮೈ. ಅದಕ್ಕೆ ತಾಯಿಯದೇ ರುಚಿ. ಒಳಗಿನ ಬೀಜ ಮಾತ್ರ ಮಗು, ಅದಕ್ಕೆ ಅಪ್ಪನ ಪಾಲೂ ಇದೆ. ಸೋರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಒಂದರ ಪರಾಗ ಇನ್ನೊಂದಕ್ಕೆ ಹುಳುಗಳೇ ಒಯ್ಯಬೇಕು. ಬೇಲಿಯ ಬಳ್ಳಿಯ ಪರಾಗ ಹೋದ ವರ್ಷ ಇವರ ಹೂವಿಗೆ ಬಿದ್ದಿದೆ. ಆಗ ಕಾಯಿಯ ರುಚಿ ಬದಲಾಗಲಿಲ್ಲ, ಬೀಜ ಬದಲಾಯ್ತು. ಈ ವರ್ಷ ಆ ಬೀಜ ಬಳ್ಳಿಯಾದಾಗ ಕಹಿ ಹೊರಗೆ ಬಂತು. ಒಂದು ಕಾಯಿಯೊಳಗೆ ನೂರಾರು ಬೀಜ ಇರುತ್ತವೆ. ಎಲ್ಲಕ್ಕೂ ಒಬ್ಬನೇ ಅಪ್ಪ ಇರಬೇಕೆಂದಿಲ್ಲ. ಅದಕ್ಕೇ 5 ಕಹಿ, 9 ಸಿಹಿ.

ಹಾಗಲ ಬಳ್ಳಿಯ ತಪ್ಪು ಏನೂ ಇರಲಿಲ್ಲ. ಹಾಗಲಕ್ಕೂ ಸೋರೆಗೂ ಕೂಡುವುದೇ ಇಲ್ಲ, ಅಷ್ಟು ದೂರದ ನೆಂಟಸ್ತಿಕೆ ಅವುಗಳದು. ಕಿತ್ತ ಬಳ್ಳಿಗೆ ಸುಮ್ನೆ ಶಿಕ್ಷೆ ಆಯ್ತು.

ಕಹಿ ಯಾರ ಸೊತ್ತು

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕಹಿ ಬಂದ ಕೂಡಲೇ ಎಲ್ಲರೂ ಅದನ್ನು ರೋಗ ಅಂದುಕೊಂಡರು. ಕಹಿ ರೋಗವಲ್ಲ, ಈ ಬಳ್ಳಿಗಳ ಹಳೆಯ ಕಾವಲು. ಓಡಲಾರದ ಗಿಡ ತನ್ನನ್ನು ತಿನ್ನಲು ಬಂದವರ ಬಾಯಿ ಕೆಡಿಸಿ ಉಳಿದುಕೊಂಡಿದೆ.

ಈ ಮನೆಯವರಿಗೆ ನಾನು ಜೋಳದಿಂದ ಹೇಳಿದೆ. ಎಳೆ ಜೋಳದ ಪೈರಿಗೆ ದನ ಬಿಡಬಾರದು ಅಂತ ಇಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಅದರಲ್ಲಿ ಧುರಿನ್ ಅನ್ನುವ ವಸ್ತು ಇರುತ್ತದೆ. ದನ ಅಗಿದಾಗ ಅದು ಒಡೆದು ಸೈನೈಡ್ ಆಗುತ್ತದೆ. ಅದೇ ಜೋಳ ತೆನೆ ಕಟ್ಟಿದಾಗ ನಾವು ರೊಟ್ಟಿ ಮಾಡಿ ಉಣ್ಣುತ್ತೇವೆ. ಅಂದರೆ ಗಿಡ ವಿಷವನ್ನು ಮೈತುಂಬ ಒಂದೇ ಸಮ ಹಂಚುವುದಿಲ್ಲ, ಬೇಕಾದಲ್ಲಿ ಇಡುತ್ತದೆ. "ಹೌದಲ್ರಿ, ಕಾಳಿನ್ಯಾಗ ಇಲ್ಲ!" ಅಂದ ಮಗ. ಅವನಿಗೆ ಉಳಿದದ್ದೆಲ್ಲ ಅಲ್ಲಿಂದ ಸಲೀಸಾಗಿ ಅರ್ಥವಾಯ್ತು.

ಸೌತೆಯಲ್ಲಿ ಇದನ್ನು ತುಂಬ ಚೆನ್ನಾಗಿ ಬಿಡಿಸಿ ನೋಡಿದ್ದಾರೆ. ಸೌತೆ ನಮ್ಮ ದೇಶದ್ದೇ. ಹಿಮಾಲಯದ ತಪ್ಪಲಲ್ಲಿ ಅದರ ಕಾಡು ಬಂಧು ಇವತ್ತಿಗೂ ಇದೆ, ಸಣ್ಣ ಕಾಯಿ, ಕಡು ಕಹಿ. ಚೀನಾದ ಸಾನ್‌ವೆನ್ ಹುವಾಂಗ್ ಅವರ ತಂಡ 2014ರಲ್ಲಿ ಸೌತೆಯ ಕಹಿ ತಯಾರಾಗಲು 9 ಜೀನ್‌ಗಳು ಬೇಕು ಅಂತ ತೋರಿಸಿತು. ಅವನ್ನು ಹೊತ್ತಿಸುವ ಎರಡು ಸ್ವಿಚ್‌ಗಳಿವೆ. ಒಂದು ಎಲೆಗೆ, ಒಂದು ಕಾಯಿಗೆ. ನಮ್ಮ ಪೂರ್ವಿಕರು ಸಿಹಿ ಕಾಯಿಯ ಬೀಜವನ್ನೇ ಆರಿಸುತ್ತ ಬಂದಾಗ, ತಮಗೇ ಗೊತ್ತಿಲ್ಲದೆ ಕಾಯಿಯ ಸ್ವಿಚ್ ಕೆಟ್ಟ ಬಳ್ಳಿಗಳನ್ನು ಉಳಿಸಿಕೊಂಡರು. ಎಲೆಯದು ಹಾಗೇ ಉಳಿಯಿತು. ಕಲ್ಲಂಗಡಿ, ಕರಬೂಜದಲ್ಲೂ ಕಾಯಿಯ ಅಂಥದೇ ಸ್ವಿಚ್ ಬೇರೆ ಬೇರೆಯಾಗಿ ಕೆಟ್ಟಿದೆ ಅಂತ ಎರಡು ವರ್ಷದ ಮೇಲೆ ತಿಳಿಯಿತು. ಬೇರೆ ಬೇರೆ ಊರಿನ, ಬೇರೆ ಬೇರೆ ಕಾಲದ ರೈತರು ಒಂದೇ ಗುಂಡಿಯನ್ನು ಒತ್ತಿದ ಹಾಗೆ! ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಕೆಟ್ಟ ಸ್ವಿಚ್ ಮುಂದೆ ಸರಿಯಿರುವ ಸ್ವಿಚ್ ಬಂದರೆ ಸರಿಯಿರುವುದೇ ಗೆಲ್ಲುತ್ತದೆ. ಈ ಬಳ್ಳಿಗಳಲ್ಲಿ ಸಾಮಾನ್ಯವಾಗಿ ಕಹಿಯೇ ಮೇಲುಗೈ. ಬೇಲಿಯ ಬಳ್ಳಿಯಿಂದ ಒಂದು ಕಣ ಪರಾಗ ಸಾಕಾದದ್ದು ಅದಕ್ಕೇ.

ಎಲೆಯ ಕಹಿಯನ್ನೂ ತೆಗೆದುಬಿಟ್ಟರೆ? ಸೌತೆಯಲ್ಲಿ ಅದೂ ಇಲ್ಲದ ತಳಿಗಳಿವೆ. 1971ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ವಿಚಿತ್ರ ತೋರಿಸಿತು. ಕಹಿ ಇಲ್ಲದ ಗಿಡಕ್ಕೆ ಕೆಂಪು ನುಸಿ ಜಾಸ್ತಿ ಹತ್ತುತ್ತದೆ. ಆದರೆ ಎಲೆ ತಿನ್ನುವ ಸೌತೆ ದುಂಬಿ ಕಡಿಮೆ ಬರುತ್ತದೆ. ಆ ದುಂಬಿ ಎಷ್ಟೋ ಕಾಲದಿಂದ ಈ ಕಹಿಗೆ ಒಗ್ಗಿ, ಈಗ ಕಹಿಯನ್ನೇ ಹುಡುಕಿಕೊಂಡು ಬರುತ್ತದೆ. ಕಾವಲಿಗೆ ಇಟ್ಟ ದೀಪವೇ ಕಳ್ಳನಿಗೆ ದಾರಿ ತೋರಿಸಿತು.

ಅತ್ತೆ ಎಲೆ ಅಗಿದು ನೋಡಿ ಕಹಿ ಬಳ್ಳಿಯನ್ನು ಮೊದಲೇ ಗುರುತಿಸಬಹುದಾ ಅಂತ ಕೇಳಿದ್ದರು. ಎಲೆಗೂ ಕಾಯಿಗೂ ಬೇರೆ ಸ್ವಿಚ್ ಇರುವ ಕುಟುಂಬ ಇದು, ಎಲೆಯನ್ನು ನಂಬಬೇಡಿ ಅಂದೆ.

ಕೀಳಬೇಕಾ, ಬೇಡವಾ

ಈಗ ತೀರ್ಮಾನದ ಹೊತ್ತು. 5 ಕೆಂಪು ಬಳ್ಳಿ ಅದೇ ದಿನ ಕಿತ್ತರು. ಗಡಿಗೆಯಲ್ಲಿ ಉಳಿದ ಬೀಜವನ್ನೂ ಸುಟ್ಟರು. ಇಷ್ಟಕ್ಕೆ ಯಾರದೂ ತಕರಾರಿಲ್ಲ. ಬೇಲಿಯ ಬಳ್ಳಿಯದೇ ಕಷ್ಟ. ಮಗ ಸಿಟ್ಟಿನಲ್ಲಿದ್ದ. ಕೀಳಿಸಿಯೇ ಬಿಡುತ್ತೇನೆ ಅಂತ ಹೊರಟ. ನಾನೂ ಜೊತೆಗೆ ಹೋದೆ.

ಹಿರಿಯರು ಎಲ್ಲ ಕೇಳಿಸಿಕೊಂಡರು. ಬಹಳ ನೊಂದುಕೊಂಡರು. ಅತ್ತೆಯವರ ಆರೋಗ್ಯ ಎರಡೆರಡು ಸಲ ವಿಚಾರಿಸಿದರು. ಆಮೇಲೆ ಹೇಳಿದರು: "ತಮ್ಮಾ, ನಾ ಏನ್ ತಿನ್ನಾಕ ಹಾಕೇನೇನು? ಕಹಿ ಇದ್ದದ್ದಕ್ಕ ಇದರ ಹಂತ್ಯಾಕ ಆಕಳ ಬರೂದಿಲ್ಲ, ಬಲೀತನಕ ಯಾರೂ ಕೀಳೂದಿಲ್ಲ. ಕಹಿ ಹೋತಂದ್ರ ನನ್ನ ಬುರುಡಿ ಹೋತು." ಒಳಗಿಂದ ಏಕತಾರಿ ತಂದು ಬುರುಡೆಯ ಮೇಲೆ ಉಗುರಿನಿಂದ ಬಡಿದು ತೋರಿಸಿದರು. ಮರದ ಪೆಟ್ಟಿಗೆಯ ಹಾಗೆ ತುಂಬಿದ ದನಿ.

ಮಗ ಏನೂ ಮಾತಾಡದೆ ವಾಪಸ್ ಬಂದ. ನನಗೂ ಅಲ್ಲಿ ಮನಸ್ಸು ತಿರುಗಿತು. ಆ ಬಳ್ಳಿ ಕಿತ್ತರೆ ಈ ವರ್ಷಕ್ಕೆ ಸಮಾಧಾನ. ಮುಂದಿನ ವರ್ಷ ಮತ್ತೊಬ್ಬರ ಬೇಲಿಯಲ್ಲಿ ಮತ್ತೊಂದು ಇರುತ್ತದೆ. ಬೀಜ ಪ್ರಮಾಣೀಕರಣದ ನಿಯಮದಲ್ಲಿ ಇಂಥ ಬಳ್ಳಿ ಬೆಳೆಗೆ ಅದೇ ಬೆಳೆಯ ಬೇರೆ ತಳಿಯಿಂದ ಮೂಲ ಬೀಜವಾದರೆ 1000 ಮೀಟರ್, ಪ್ರಮಾಣಿತ ಬೀಜವಾದರೆ 500 ಮೀಟರ್ ಅಂತರ ಬೇಕು. ಎಂಟು ಗುಂಟೆಯವರು ಅಷ್ಟು ದೂರ ಎಲ್ಲಿಂದ ತರಬೇಕು? ಹಾಗಾಗಿ ದೂರ ಬೇಡ, ಹೂವನ್ನೇ ಕಾಯೋಣ ಅಂತ ಆಯ್ತು.

ಸಂಜೆಯ ಕೆಲಸ

ಸೋರೆ ಹೂ ಸಂಜೆ ಅರಳುತ್ತದೆ. ಅದಕ್ಕೇ ಈ ಕೆಲಸ ದಿನದ ದುಡಿತ ಮುಗಿದ ಮೇಲೆ ಮಾಡಬಹುದು. ಅವತ್ತು ಸಂಜೆ ಅರಳಲಿರುವ ಮೊಗ್ಗನ್ನು ಮಧ್ಯಾಹ್ನವೇ ಗುರುತಿಸಬೇಕು. ತುದಿಯಲ್ಲಿ ಬಿಳಿ ಇಣುಕುತ್ತಿರುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಬೆರಳಿನಷ್ಟು ಎಳೆ ಕಾಯಿ ಇರುತ್ತದೆ, ಗಂಡಿಗೆ ಬರೀ ಉದ್ದನೆಯ ತೊಟ್ಟು. ಎರಡಕ್ಕೂ ಮೊಗ್ಗಿನ ತುದಿ ಬಿಚ್ಚದ ಹಾಗೆ ದಾರ ಸುತ್ತಿದೆವು. ಸಂಜೆ ಆರರ ನಂತರ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ, ಹೆಣ್ಣಿನ ಬಾಯಿ ಮತ್ತೆ ಕಟ್ಟಿದೆವು. ಅದರ ಮೇಲೆ ಹಳೆ ಸೀರೆಯ ತೆಳು ಬಟ್ಟೆಯ ಚೀಲ. ತೊಟ್ಟಿಗೆ ಹಸಿರು ದಾರ.

ಬಿಳಿ ಚಿಂದಿಯ ಬಳ್ಳಿಗಳಲ್ಲೇ, ಒಂದರ ಗಂಡು ಇನ್ನೊಂದರ ಹೆಣ್ಣಿಗೆ. ಏಳು ಹೂವಿಗೆ ಮಾಡಿದೆವು. ನಾಲ್ಕು ಉದುರಿದವು, ಮೂರು ನಿಂತವು. ಮೊದಲ ದಿನ ಸೊಸೆಯ ಕೈ ನಡುಗಿ ಒಂದು ಹೆಣ್ಣು ಹೂ ಮುರಿದೇ ಹೋಯ್ತು. ಮೂರನೆಯ ಸಂಜೆಗೆ ಅವಳ ಮಗಳು, ಐದನೆಯ ಇಯತ್ತೆಯವಳು, ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದಳು.

ಮುಂದಿನ ಹಂಗಾಮಿನಲ್ಲಿ ಆ ಮೂರು ಕಾಯಿಯ ಬೀಜದಿಂದ 12 ಬಳ್ಳಿ ಬಂದವು. ಪ್ರತಿ ಬಳ್ಳಿಯ ಮೊದಲ ಕಾಯಿಯನ್ನೂ ನಾಲಿಗೆಗೆ ಮುಟ್ಟಿಸಿ ನೋಡಿದೆವು. 12ಕ್ಕೆ 12 ಸಿಹಿ. ಬೇಲಿಯ ಬಳ್ಳಿ ಅಲ್ಲೇ ಇದೆ, ಅದರ ಪರಾಗ ಈಗಲೂ ಬರುತ್ತದೆ. ಬಂದರೆ ಬರಲಿ, ತಿನ್ನುವ ಕಾಯಿಗೆ ಏನೂ ಆಗುವುದಿಲ್ಲ. ಬೀಜದ ಕಾಯಿ ಮಾತ್ರ ಹಸಿರು ದಾರದ್ದೇ.

ನಾವು ಮರೆತದ್ದು ತಿಪ್ಪೆಯನ್ನು. ಅವತ್ತು ಚೆಲ್ಲಿದ ಎರಡು ಬುಟ್ಟಿಯಲ್ಲಿ ಒಂದು ಕಾಯಿ ಬಲಿತಿತ್ತು ಅಂತ ಕಾಣುತ್ತದೆ. ಮಳೆ ಬಿದ್ದಾಗ ತಿಪ್ಪೆಯ ಅಂಚಿನಲ್ಲಿ ಒಂದು ಬಳ್ಳಿ ಎದ್ದು, ದನದ ಕೊಟ್ಟಿಗೆಯ ಮೇಲೆ ಹಬ್ಬಿತು. ಕಾಯಿಗೆ ಹೊಟ್ಟೆ ಇತ್ತು. ಚೂರು ಮುಟ್ಟಿಸಿ ನೋಡಿದರೆ ಕಡು ಕಹಿ. ಕಹಿ ಕಾಯಿ ಚೆಲ್ಲುವವರು ಆಳವಾಗಿ ಹೂಳಬೇಕು, ಬಲಿತದ್ದಿದ್ದರೆ ಸುಡಬೇಕು. ಅದನ್ನು ನಾನು ಮೊದಲೇ ಹೇಳಬೇಕಿತ್ತು.

ಅಷ್ಟರಲ್ಲಿ ಅದರಲ್ಲಿ ಎರಡು ಕಾಯಿ ದೊಡ್ಡವಾಗಿದ್ದವು. ಅತ್ತೆ ಕೀಳಿಸಲು ಹೊರಟಾಗ ಬೇಲಿಯ ಹಿರಿಯರು ಬಂದು ತಡೆದರು. ತಂಬೂರಿಗೆ ಸಣ್ಣದಾಯ್ತು, ಆದರೂ ಸಿಪ್ಪೆ ಗಟ್ಟಿ ಇದೆ, ಒಣಗಲಿ ಬಿಡಿ ಅಂದರು. ಬಳ್ಳಿಯ ಹೂಗಳನ್ನೆಲ್ಲ ಚಿವುಟಿ, ಎರಡು ಕಾಯಿ ಮಾತ್ರ ಬಿಟ್ಟರು. ಬೇಸಿಗೆಯಲ್ಲಿ ಹಿರಿಯರೇ ಅವನ್ನು ಒಣಗಿಸಿ, ಬೀಜ ತೆಗೆದು ಸುಟ್ಟು, ತೂತಿಗೆ ಮೇಣ ಬಡಿದು, ಎರಡನ್ನೂ ಹಗ್ಗದಲ್ಲಿ ಕಟ್ಟಿಕೊಟ್ಟರು. ಮೇ ತಿಂಗಳಲ್ಲಿ ನಾನು ಹೋದಾಗ ಮನೆಯ ಸಣ್ಣ ಹುಡುಗ ಆ ಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದ. ಅವನಪ್ಪ ಮೆಟ್ಟಿಲ ಮೇಲೆ ನಿಂತು ಕಾಲು ಬಡಿ, ಕಾಲು ಬಡಿ ಅಂತ ಕೂಗುತ್ತಿದ್ದ.